ಚೆಸ್ ಟೂರ್ನಿಯಲ್ಲಿ ಗೆಲ್ಲುವವರು ಆನ್‌ಲೈನ್ ಬ್ಲಿಟ್ಜ್‌ನಲ್ಲಿ ಏಕೆ ಸೋಲುತ್ತಾರೆ?

ಪ್ರಶ್ನೆ: ನನ್ನ ಫಿಡೆ (ವಿಶ್ವ ಚೆಸ್ ಸಂಸ್ಥೆ) ರೇಟಿಂಗ್ 1900ರ ಆಸುಪಾಸಿದೆ. ಆದರೆ ಆನ್‌ಲೈನ್‌ನಲ್ಲಿ ಬ್ಲಿಟ್ಜ್‌ಗೆ, ಅಂದರೆ 3 ನಿಮಿಷದ ವೇಗದ ಆಟಕ್ಕೆ ಕುಳಿತರೆ ನನಗಿಂತ ಕಡಿಮೆ ರೇಟಿಂಗ್‌ನವರಿಗೂ ಸೋಲುತ್ತೇನೆ. ಗೆಲ್ಲುವ ಸ್ಥಿತಿಯಲ್ಲಿರುವಾಗಲೇ ಟೈಮ್ ಮುಗಿಯುತ್ತದೆ. ಏನು ಮಾಡಲಿ?
– ಓದುಗರು, ಸೋಮವಾರಪೇಟೆ

ಉತ್ತರ: ನಿಮ್ಮ ಆಟ ಕೆಟ್ಟಿಲ್ಲ. ಟೈಮ್ ಬೇಡದ ಕಡೆ ಖರ್ಚಾಗುತ್ತಿದೆ, ಅಷ್ಟೇ. ಇಡೀ ಆಟಕ್ಕೆ ಒಬ್ಬರಿಗೆ 3 ನಿಮಿಷ ಎಂದರೆ 180 ಸೆಕೆಂಡ್. 40 ನಡೆಗೆ ಹಂಚಿದರೆ ಒಂದೊಂದಕ್ಕೆ ನಾಲ್ಕೂವರೆ ಸೆಕೆಂಡ್. ಕ್ಲಾಸಿಕಲ್‌ನಲ್ಲಿ (ಗಂಟೆಗಟ್ಟಲೆ ನಡೆಯುವ ಟೂರ್ನಿ ಆಟ) ಪಳಗಿದವರು ಓಪನಿಂಗ್ (ಆರಂಭದ ನಡೆಗಳು) ಮುಗಿದ ಕೂಡಲೇ ಒಂದೇ ನಡೆಗೆ 30–40 ಸೆಕೆಂಡ್ ಸುರಿದುಬಿಡುತ್ತಾರೆ. ಅದೂ ಕಾಂಬಿನೇಷನ್ (ಒಂದಕ್ಕೊಂದು ಕೊಂಡಿಯಾಗಿ ಲಾಭ ತರುವ ನಡೆಗಳು) ಇರುವಲ್ಲಿ ಅಲ್ಲ. ಆನೆಯನ್ನು ಡಿ ಸಾಲಿಗೆ ತರಲೋ ಇ ಸಾಲಿಗೆ ತರಲೋ ಎಂಬಂಥ, ಎರಡೂ ಸರಿಯಿರುವ ಕಡೆ. ನಡೆ ಗಟ್ಟಿಯಾದ ಮೇಲೂ ಇನ್ನೊಮ್ಮೆ ಲೆಕ್ಕ ಹಾಕಿ ನೋಡುವ ಅಭ್ಯಾಸ ಇದರ ಜೊತೆಗೆ ಸೇರುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಲಿಚೆಸ್‌ನಲ್ಲಿ (ಆನ್‌ಲೈನ್ ಚೆಸ್ ತಾಣ) ಆಟ ಮುಗಿದ ಮೇಲೆ ಅನಾಲಿಸಿಸ್ ಬೋರ್ಡ್ ತೆರೆದರೆ ಪ್ರತಿ ನಡೆಗೆ ತೆಗೆದುಕೊಂಡ ಸಮಯದ ಗ್ರಾಫ್ ಸಿಗುತ್ತದೆ. ಟೈಮ್ ಮುಗಿದು ಸೋತ ಹತ್ತು ಆಟ ಆರಿಸಿ, 15 ಸೆಕೆಂಡ್ ದಾಟಿದ ನಡೆಗಳನ್ನೆಲ್ಲ ಗುರುತು ಹಾಕಿ. ಅಷ್ಟು ಯೋಚಿಸಿದ್ದರಿಂದ ಮೊದಲು ಹೊಳೆದ ನಡೆ ಬದಲಾಯಿತೇ? ಬದಲಾಗಿದ್ದರೆ ಒಳ್ಳೆಯದಾಯಿತೇ? ಈ ಎರಡು ಪ್ರಶ್ನೆ ಸಾಕು. ಬಹುತೇಕ ಕಡೆ ಮೊದಲ ನಡೆಯನ್ನೇ ಕೊನೆಗೆ ಆಡಿರುತ್ತೀರಿ.

ಮುಂದಿನ ಆಟಗಳಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ. 10ನೇ ನಡೆಗೆ ಗಡಿಯಾರದಲ್ಲಿ 2 ನಿಮಿಷ 35 ಸೆಕೆಂಡ್, 20ನೇ ನಡೆಗೆ ಒಂದೂವರೆ ನಿಮಿಷ, 30ನೇ ನಡೆಗೆ 45 ಸೆಕೆಂಡ್ ಉಳಿದಿರಬೇಕು. ದೀರ್ಘ ಯೋಚನೆ ಆಟಕ್ಕೆ ಎರಡೇ ಸಲ, ತಲಾ 20 ಸೆಕೆಂಡ್. ಅದು ಹೊಡೆದಾಟ ಶುರುವಾಗುವಾಗ ಅಥವಾ ರಾಣಿಗಳು ಬದಲಾಗುವ ಮುಂಚೆ ಮಾತ್ರ. ಮಿಕ್ಕ ಕಡೆ ಎದುರಾಳಿಯ ಚೆಕ್ ಯಾವುದು, ಹೊಡೆತ ಯಾವುದು ಎಂದು ಒಂದು ಸಲ ಕಣ್ಣಾಡಿಸಿ ಆಡಿಬಿಡಿ. ಎರಡು ನಡೆ ಸಮ ಅನಿಸಿದರೆ ರಾಜನನ್ನು ಭದ್ರವಾಗಿಡುವುದನ್ನೇ ಆರಿಸಿ. ಮುಂದಿನ ಹತ್ತು ನಡೆಗಳಲ್ಲಿ ಅದು ಟೈಮ್ ಉಳಿಸಿಕೊಡುತ್ತದೆ.

ಪ್ರೀಮೂವ್, ಅಂದರೆ ಎದುರಾಳಿ ಆಡುವ ಮೊದಲೇ ನಿಮ್ಮ ನಡೆಯನ್ನು ಹಾಕಿಡುವುದು, ಕಲಿಯಲೇಬೇಕು. ಲಿಚೆಸ್‌ನಲ್ಲಿ ಅದಕ್ಕೆ ಸಮಯವೇ ಕಳೆಯುವುದಿಲ್ಲ, ಚೆಸ್ ಡಾಟ್ ಕಾಮ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುತ್ತದೆ. ಆದರೆ ಓಪನಿಂಗ್‌ನಲ್ಲಿ ಕಣ್ಣುಮುಚ್ಚಿ ಹಾಕಿದರೆ ಏನಾಗುತ್ತದೆ ನೋಡಿ. ಬಿಳಿ ಡಿ4 ಆಡುತ್ತದೆ (ಡಿ ಸಾಲಿನ ಪದಾತಿ 4ನೇ ಮನೆಗೆ), ನೀವು ಜಿ6 ಆಡಿ ಒಂಟೆಯನ್ನು ಜಿ7ಕ್ಕೆ ಪ್ರೀಮೂವ್ ಹಾಕಿರುತ್ತೀರಿ. ಬಿಳಿ ತನ್ನ ಒಂಟೆಯನ್ನು ನೇರ ಎಚ್6ಕ್ಕೆ ತರುತ್ತದೆ. ನೋಡಿ ಆಡಿದ್ದರೆ ಆ ಒಂಟೆ ನಿಮಗೆ ಪುಕ್ಕಟೆ. ಪ್ರೀಮೂವ್ ಆಗಲೇ ಬಿದ್ದಿರುವುದರಿಂದ ಬಿಳಿ ಜಿ7ರ ಒಂಟೆಯನ್ನು ಹೊಡೆಯುತ್ತದೆ, ಹೊರಬರಲು ದಾರಿಯಿಲ್ಲದ ಎಚ್8ರ ಆನೆಯೂ ಹೋಗುತ್ತದೆ. ಹೊಡೆದದ್ದಕ್ಕೆ ಮರುಹೊಡೆತ, ಚೆಕ್‌ಗೆ ಒಂದೇ ದಾರಿ, ಕೊನೆಯಲ್ಲಿ ಪದಾತಿಯ ಓಟ: ಪ್ರೀಮೂವ್ ಇಷ್ಟಕ್ಕೇ ಇರಲಿ.

ಅಭ್ಯಾಸಕ್ಕೆ 3+0 ಬಿಟ್ಟು 3+2 (3 ನಿಮಿಷ, ಜೊತೆಗೆ ಪ್ರತಿ ನಡೆಗೆ 2 ಸೆಕೆಂಡ್) ಆಡಿ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಶಿಪ್ ನಡೆಯುವುದೂ ಇದೇ ಲೆಕ್ಕದಲ್ಲಿ. 40 ನಡೆಗೆ 80 ಸೆಕೆಂಡ್ ಹೆಚ್ಚುವರಿ ಸಿಗುವುದರಿಂದ ಕೊನೆಯಾಟವನ್ನೂ ನಿಜವಾಗಿ ಆಡಬೇಕಾಗುತ್ತದೆ. ದಿನಕ್ಕೆ ಆರು ಆಟ ಸಾಕು. ಸತತ ಎರಡು ಸೋತರೆ ಅಂದಿಗೆ ನಿಲ್ಲಿಸಿ. ಕಂಪ್ಯೂಟರ್ ಎದುರು ಒಂಟಿ ರಾಜನಿಗೆ ರಾಣಿಯ ಮೇಟ್ 10 ಸೆಕೆಂಡಿನಲ್ಲಿ, ಆನೆಯ ಮೇಟ್ 20 ಸೆಕೆಂಡಿನಲ್ಲಿ ಬರುವ ತನಕ ಕೈ ಪಳಗಿಸಿ.

ಟೈಮ್ ಮುಗಿದಾಗಿನ ನಿಯಮವೂ ಗೊತ್ತಿರಲಿ. ನಿಮ್ಮ ಟೈಮ್ ಮುಗಿದಾಗ ಎದುರಾಳಿಯ ಬಳಿ ರಾಜ ಮಾತ್ರ ಇದ್ದರೆ ಡ್ರಾ. ನಿಮ್ಮಲ್ಲಿ ಪದಾತಿ, ಅವರಲ್ಲಿ ಒಂದು ಕುದುರೆ ಇದ್ದರೆ ಚೆಸ್ ಡಾಟ್ ಕಾಮ್‌ನಲ್ಲಿ ಡ್ರಾ, ಲಿಚೆಸ್‌ನಲ್ಲಿ ಸೋಲು. ಟೈಮ್ ಕಡಿಮೆ ಇದ್ದಾಗ ಆ ಕೊನೆಯ ಕುದುರೆಯನ್ನು ಬದಲಾಯಿಸಿಕೊಳ್ಳುವುದೇ ಮೊದಲ ಕೆಲಸ.

ಇನ್ನು ಕೊಡಗಿನ ಮಳೆಗಾಲ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ಎಷ್ಟೋ ಮನೆಗಳಲ್ಲಿ ರೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಅದು ಪೂರ್ತಿ ಏಳಲು ಒಂದೆರಡು ನಿಮಿಷ ಬೇಕು, ಅಷ್ಟರಲ್ಲಿ ಆಟ ಮುಗಿದಿರುತ್ತದೆ. ಸರ್ವರ್‌ನ ಗಡಿಯಾರ ನಿಮಗಾಗಿ ಕಾಯುವುದಿಲ್ಲ. ರೂಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ ಹಾಕಿಸಿ. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ (ಸಾಮಾನ್ಯವಾಗಿ 12) ಅದಕ್ಕೆ ಸರಿಹೊಂದಬೇಕು, ಯುಪಿಎಸ್‌ನ ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಫೈಬರ್ ಬಾಕ್ಸ್ ಬೇರೆಯಿದ್ದರೆ ಅದಕ್ಕೂ ಬೇಕು. ರೂಟರ್ ಇನ್ನೊಂದು ಕೋಣೆಯಲ್ಲಿದ್ದರೆ ವೈಫೈ ಬಿಟ್ಟು ಲ್ಯಾನ್ ಕೇಬಲ್ ಎಳೆಯಿರಿ. ಲಿಚೆಸ್‌ನಲ್ಲಿ ನಿಮ್ಮ ಹೆಸರಿನ ಮೆನು ತೆರೆದರೆ ಪಿಂಗ್ (ಸರ್ವರ್‌ಗೆ ಸಂಕೇತ ಹೋಗಿ ಬರುವ ಸಮಯ) ಕಾಣುತ್ತದೆ. ಆ ಅಂಕಿ ಒಂದೇ ಕಡೆ ನಿಲ್ಲದೆ ಕುಣಿಯುತ್ತಿದ್ದರೆ ಆ ಸಂಜೆ ಬ್ಲಿಟ್ಜ್ ಬಿಟ್ಟು 10 ನಿಮಿಷದ ಆಟ ಆಡಿ.