ಸಿಮ್ಯುಲೇಷನ್ ಓಡಿತು, ಶಕ್ತಿಯ ಲೆಕ್ಕ ಕೂಡಿತೇ?

24 ವೋಲ್ಟ್‌ನ ಒಂದು ಡಿಸಿ ಮೋಟರ್ ಇದೆ ಎಂದುಕೊಳ್ಳಿ. ಡೇಟಾಶೀಟ್‌ನಲ್ಲಿ ವೇಗದ ಸ್ಥಿರಾಂಕ ವೋಲ್ಟ್‌ಗೆ 100 ಆರ್‌ಪಿಎಂ, ಟಾರ್ಕ್ ಸ್ಥಿರಾಂಕ ಆಂಪಿಯರ್‌ಗೆ 0.0955 ನ್ಯೂಟನ್-ಮೀಟರ್ ಎಂದು ಬರೆದಿದೆ. ಇದರ ಸಿಮ್ಯುಲೇಷನ್ ಮಾದರಿ ಕಟ್ಟಿಕೊಡು ಎಂದು, ತಾನೇ ಕೋಡ್ ಬರೆದು ಓಡಿಸುವ ಎಐ ಏಜೆಂಟ್‌ಗೆ ಹೇಳುತ್ತೀರಿ. ಅದು ಎರಡು ಸಮೀಕರಣ ಬರೆಯುತ್ತದೆ: ಒಂದು ಸರ್ಕ್ಯೂಟ್‌ನದು, ಇನ್ನೊಂದು ತಿರುಗುವ ಶಾಫ್ಟ್‌ನದು. ತಿರುಗುವ ಮೋಟರ್ ತಾನೇ ಹುಟ್ಟಿಸುವ ಹಿಮ್ಮುಖ ವೋಲ್ಟೇಜಿನ ಸ್ಥಿರಾಂಕ ಬೇಕಲ್ಲ, 100ರ ವಿಲೋಮ ತೆಗೆದು 0.01 ಎಂದು ಹಾಕುತ್ತದೆ. ಓಡಿಸುತ್ತದೆ. ದೋಷ ಸಂದೇಶವಿಲ್ಲ, ವೇಗದ ಗೆರೆ ನಯವಾಗಿ ಏರಿ 2400ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಡೇಟಾಶೀಟ್‌ನಲ್ಲೂ ಹೊರೆ ಇಲ್ಲದಾಗಿನ ವೇಗ ಸುಮಾರು 2400 ಎಂದೇ ಇದೆ. ‘ಫಲಿತಾಂಶ ತಾಳೆಯಾಗಿದೆ’ ಎಂದು ಏಜೆಂಟ್ ವರದಿ ಒಪ್ಪಿಸುತ್ತದೆ.

ತಾಳೆಯಾಗಿಲ್ಲ. ಡೇಟಾಶೀಟ್‌ನ 2400 ಎಂಬುದು ನಿಮಿಷಕ್ಕೆ ಇಷ್ಟು ಸುತ್ತು ಎಂಬ ಲೆಕ್ಕ. ಸಮೀಕರಣದೊಳಗಿನ 2400 ಸೆಕೆಂಡಿಗೆ ಇಷ್ಟು ರೇಡಿಯನ್ ಎಂಬ ಲೆಕ್ಕ. ಅಂದರೆ ಆ ಮಾದರಿಯ ಮೋಟರ್ ಸುಮಾರು 22,900 ಆರ್‌ಪಿಎಂನಲ್ಲಿ ತಿರುಗುತ್ತಿದೆ. ತಪ್ಪು ಉತ್ತರ ಸರಿ ಉತ್ತರದ ಅಂಕಿಯನ್ನೇ ಹೊತ್ತು ಬಂದರೆ ಹಿಡಿಯುವುದು ಕಷ್ಟ.

ಏಜೆಂಟ್ ಕೆಲಸ ಮಾಡುವ ರೀತಿಯನ್ನು ನೋಡಿದರೆ ಇದು ಏಕೆ ಹೀಗಾಗುತ್ತದೆಂದು ತಿಳಿಯುತ್ತದೆ. ಮೊದಲೆಲ್ಲ ಚಾಟ್‌ನಲ್ಲಿ ಕೋಡ್ ಕೇಳಿ, ನಾವೇ ನಕಲು ಮಾಡಿ, ಓಡಿಸಿ, ಬಂದ ದೋಷವನ್ನು ಮತ್ತೆ ಅಲ್ಲಿಗೆ ಅಂಟಿಸುತ್ತಿದ್ದೆವು. ಈಗ ಆ ಸುತ್ತನ್ನು ಏಜೆಂಟೇ ಸುತ್ತುತ್ತದೆ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಥರದ ಸಂಪರ್ಕ ವಿಧಾನಗಳಿಂದ ಭಾಷಾ ಮಾದರಿ ನೇರವಾಗಿ ಸಾಫ್ಟ್‌ವೇರನ್ನು ಕರೆಯಬಲ್ಲದು. ಎಂಜಿನಿಯರಿಂಗ್ ಲೆಕ್ಕಗಳ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್ ತಯಾರಿಸುವ ಮ್ಯಾಥ್‌ವರ್ಕ್ಸ್ ಕೂಡ ಅಂಥದ್ದೊಂದು ಸರ್ವರ್ ಕೊಟ್ಟಿದೆ. ಏಜೆಂಟ್ ಬರೆಯುತ್ತದೆ, ಓಡಿಸುತ್ತದೆ, ಕೆಂಪು ಸಾಲು ಓದುತ್ತದೆ, ತಿದ್ದುತ್ತದೆ. ಕೆಂಪು ಸಾಲು ಮಾಯವಾದಾಗ ಕೆಲಸ ಮುಗಿಯಿತೆಂದು ಭಾವಿಸುತ್ತದೆ. ಆದರೆ ಸಾಫ್ಟ್‌ವೇರ್ ದೂರುವುದು ವ್ಯಾಕರಣದ ಬಗ್ಗೆ, ಮ್ಯಾಟ್ರಿಕ್ಸ್‌ಗಳ ಅಳತೆಯ ಬಗ್ಗೆ, ಉತ್ತರಕ್ಕೆ ಒಮ್ಮುಖವಾಗದ ಸಾಲ್ವರ್‌ನ (ಸಮೀಕರಣ ಬಿಡಿಸುವ ಭಾಗದ) ಬಗ್ಗೆ. ಮೋಟರ್ ಹತ್ತುಪಟ್ಟು ವೇಗವಾಗಿ ತಿರುಗಿದರೆ ಅದಕ್ಕೇನು ಬಾಧೆ?

ಹಾಗಾಗಿ ಭೌತಶಾಸ್ತ್ರದ ದೂರನ್ನೂ ಆ ಸುತ್ತಿನೊಳಗೆ ಸೇರಿಸಬೇಕು, ಅದೂ ಮಾದರಿ ಬರೆಸುವ ಮೊದಲೇ. ನಾನು ಮೊದಲು ಬರೆಯುವುದು ಶಕ್ತಿಯ ಜಮಾ-ಖರ್ಚು. ಬ್ಯಾಟರಿಯಿಂದ ಒಳಬಂದ ಶಕ್ತಿ, ಸುರುಳಿಯ ರೋಧದಲ್ಲಿ ಶಾಖವಾದದ್ದು, ಘರ್ಷಣೆಗೆ ಹೋದದ್ದು, ಹೊರೆಗೆ ಸಂದದ್ದು, ಇಂಡಕ್ಟರ್‌ನಲ್ಲೂ ತಿರುಗುವ ರೋಟರ್‌ನಲ್ಲೂ ಕೂಡಿಟ್ಟದ್ದು, ಎಲ್ಲ ಸೇರಿ ಸೊನ್ನೆಗೆ ಬರಬೇಕು. ಮೇಲಿನ ಮಾದರಿಯಲ್ಲಿ ಬರುವುದಿಲ್ಲ. ಹಿಮ್ಮುಖ ವೋಲ್ಟೇಜು 0.01ರಿಂದ ಲೆಕ್ಕವಾಗುತ್ತಿದೆ, ಟಾರ್ಕ್ 0.0955ರಿಂದ. ಹಾಗಾಗಿ ಶಾಫ್ಟ್‌ಗೆ ಸಿಗುವ ಯಾಂತ್ರಿಕ ಶಕ್ತಿ ಅದಕ್ಕೆಂದು ವಿದ್ಯುತ್ ಕಡೆಯಿಂದ ತೆತ್ತದ್ದರ ಒಂಬತ್ತೂವರೆ ಪಟ್ಟು. ಎಸ್‌ಐ ಏಕಮಾನಗಳಲ್ಲಿ ಈ ಎರಡೂ ಸ್ಥಿರಾಂಕ ಒಂದೇ ಸಂಖ್ಯೆಯಾಗಿರಬೇಕೆಂಬ ನಿಯಮವನ್ನು ಶಕ್ತಿ ಸಂರಕ್ಷಣೆಯೇ ವಿಧಿಸುತ್ತದೆ.

ಈ ಪರೀಕ್ಷೆಗೂ ಮಿತಿಯಿದೆ. ಏಜೆಂಟ್ ಎರಡೂ ಕಡೆ 0.01 ಹಾಕಿಬಿಟ್ಟರೆ ಶಕ್ತಿಯ ಲೆಕ್ಕ ಸರಿಯಾಗಿ ಕೂಡುತ್ತದೆ, ಮೋಟರ್ ಮಾತ್ರ ಬೇರೆಯದಾಗಿರುತ್ತದೆ. ಅದನ್ನು ಹಿಡಿಯಲು ಕೈಲೆಕ್ಕದ ತುದಿ ಪ್ರಕರಣ ಬೇಕು: ಶಾಫ್ಟ್ ಹಿಡಿದು ನಿಲ್ಲಿಸಿದಾಗ ಟಾರ್ಕ್ ಎಷ್ಟು? ರೋಧ 1 ಓಮ್ ಇದ್ದರೆ ಕರೆಂಟ್ 24 ಆಂಪಿಯರ್, ಟಾರ್ಕ್ ಸುಮಾರು 2.3 ನ್ಯೂಟನ್-ಮೀಟರ್. ಮಾದರಿ 0.24 ಎಂದರೆ ಅಲ್ಲೇ ನಿಲ್ಲಿ. ಇಂಥ ಲೆಕ್ಕಗಳನ್ನು ಏಜೆಂಟ್‌ನಿಂದ ಮಾಡಿಸಬೇಡಿ, ನೀವೇ ಮಾಡಿ ಸಂಖ್ಯೆ ಕೊಡಿ. ಮಾದರಿ ಬರೆದ ಏಜೆಂಟೇ ಪರೀಕ್ಷೆಯನ್ನೂ ಬರೆದರೆ ಒಂದೇ ತಪ್ಪುಗ್ರಹಿಕೆ ಎರಡು ಕಡೆಯೂ ಕುಳಿತು ಪರಸ್ಪರ ಸಾಕ್ಷಿ ಹೇಳುತ್ತದೆ.

ಪರೀಕ್ಷೆ ಸೋತಾಗ ಏಜೆಂಟ್ ಏನು ಮಾಡುತ್ತದೆ ಎಂಬುದನ್ನು ಗಮನಿಸುವುದು ಇನ್ನೂ ಮುಖ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದರಲ್ಲಿ ಇದು ನಿಸ್ಸೀಮ. ಶಕ್ತಿಯ ವ್ಯತ್ಯಾಸ ಶೇ 1ನ್ನು ಮೀರಬಾರದು ಎಂದಿದ್ದರೆ ಮಿತಿಯನ್ನು ಸದ್ದಿಲ್ಲದೆ ಶೇ 20ಕ್ಕೆ ಏರಿಸಬಹುದು. ಕರೆಂಟ್ ಮಿತಿಮೀರಿದರೆ ಬೆಲೆ ಒಂದು ಮಿತಿ ದಾಟದಂತೆ ತಡೆಯುವ ಸ್ಯಾಚುರೇಷನ್ ಬ್ಲಾಕ್ ಹಾಕಿ ತಲೆ ಕತ್ತರಿಸಬಹುದು. ಬ್ಲಾಕ್‌ಗಳನ್ನು ಜೋಡಿಸಿ ಮಾದರಿ ಕಟ್ಟುವ ಸಿಮ್ಯುಲಿಂಕ್‌ನಲ್ಲಿ ಆಲ್ಜೀಬ್ರಾಯಿಕ್ ಲೂಪ್ (ಒಂದು ಬ್ಲಾಕ್‌ನ ಔಟ್‌ಪುಟ್ ಅದೇ ಕ್ಷಣ ಅದರ ಇನ್‌ಪುಟ್‌ಗೇ ಬೇಕಾಗುವ ಸುತ್ತು) ಎಂಬ ಎಚ್ಚರಿಕೆ ಬಂದರೆ ನಡುವೆ ಒಂದು ಡಿಲೇ ಬ್ಲಾಕ್ ತೂರಿಸಬಹುದು. ಎಚ್ಚರಿಕೆ ಹೋಗುತ್ತದೆ, ಆದರೆ ನಿಜವಾದ ವ್ಯವಸ್ಥೆಯಲ್ಲಿಲ್ಲದ ವಿಳಂಬವೊಂದು ಒಳಸೇರಿ, ಕಂಟ್ರೋಲರ್‌ನ ಸ್ಥಿರತೆಯ ಅಂಚು ಬದಲಾಗುತ್ತದೆ. ಸಮೀಕರಣಗಳಲ್ಲೇ ಮಾದರಿ ಬರೆಯುವ ಮಾಡೆಲಿಕಾ ಭಾಷೆಯಲ್ಲಿ ಅಜ್ಞಾತಗಳಿಗಿಂತ ಸಮೀಕರಣ ಒಂದು ಕಡಿಮೆ ಇದೆ ಎಂದು ಕಂಪೈಲರ್ ಹೇಳಿದರೆ, ಎಲ್ಲಿಂದಲೋ ಒಂದು ಸಮೀಕರಣ ತಂದು ಲೆಕ್ಕ ತುಂಬಿಸಬಹುದು. ಆದ್ದರಿಂದ ಪರೀಕ್ಷೆಯ ಫೈಲುಗಳಿಗೆ ಬರೆಯುವ ಅನುಮತಿ ಕೊಡಬೇಡಿ. ಮಾದರಿಯಲ್ಲಿ ಆದ ಪ್ರತಿ ಬದಲಾವಣೆಯನ್ನು, ಫೈಲುಗಳ ಬದಲಾವಣೆ ದಾಖಲಿಸುವ ಗಿಟ್‌ನಲ್ಲಿ ಸಾಲುಸಾಲಾಗಿ ಓದಿ. ಇದೇ ಕಾರಣಕ್ಕೆ ಪಠ್ಯರೂಪದ ಮಾದರಿಗಳು ಏಜೆಂಟ್‌ನೊಂದಿಗಿನ ಕೆಲಸಕ್ಕೆ ಹೆಚ್ಚು ಒಗ್ಗುತ್ತವೆ ಎಂಬುದು ನನ್ನ ಅಭಿಪ್ರಾಯ. ಸಿಮ್ಯುಲಿಂಕ್‌ನ ಈಗಿನ ಫೈಲೆಂದರೆ ಒಳಗೆ ಎಕ್ಸ್‌ಎಂಎಲ್ ತುಂಬಿದ ಜಿಪ್ ಕಟ್ಟು. ಅದರೊಳಗೆ ಏಜೆಂಟ್ ನೇರ ಕೈಹಾಕುವುದಕ್ಕಿಂತ ಬ್ಲಾಕ್‌ಗಳನ್ನು ಜೋಡಿಸುವ ಸ್ಕ್ರಿಪ್ಟ್ ಬರೆಸುವುದು ಒಳ್ಳೆಯದು.

ಸಾಲ್ವರ್‌ನ ಆಯ್ಕೆಯಲ್ಲೂ ಒಂದು ಸೂಕ್ಷ್ಮವಿದೆ. ಅದೇ ಮೋಟರ್‌ಗೆ ಉಷ್ಣತೆಯ ಲೆಕ್ಕವನ್ನೂ ಸೇರಿಸಿದರೆ ಕರೆಂಟ್ ಮಿಲಿಸೆಕೆಂಡುಗಳಲ್ಲಿ ಬದಲಾಗುತ್ತದೆ, ಉಷ್ಣತೆ ನಿಮಿಷಗಟ್ಟಲೆ ಏರುತ್ತದೆ. ಹೀಗೆ ತೀರಾ ವೇಗದ ಮತ್ತು ತೀರಾ ನಿಧಾನದ ಬದಲಾವಣೆಗಳು ಒಟ್ಟಿಗಿರುವುದೇ ಸ್ಟಿಫ್ ಸಮಸ್ಯೆ. ಮ್ಯಾಟ್‌ಲ್ಯಾಬ್‌ನ ಸಾಲ್ವರ್‌ಗಳಲ್ಲಿ ಓಡಿಇ45 ಸಣ್ಣ ಸಣ್ಣ ಹೆಜ್ಜೆಯಿಟ್ಟು ತೆವಳುತ್ತದೆ, ಓಡಿಇ15ಎಸ್ ಸಲೀಸಾಗಿ ಮುಗಿಸುತ್ತದೆ. ಸಮಯ ಮೀರಿತೆಂದು ಏಜೆಂಟ್ ಸಾಲ್ವರ್ ಬದಲಿಸಿದರೆ ಸಂತೋಷ. ಟಾಲರೆನ್ಸ್ (ಸಾಲ್ವರ್‌ಗೆ ಬಿಟ್ಟುಕೊಟ್ಟ ತಪ್ಪಿನ ಮಿತಿ) ಸಡಿಲಿಸಿದರೆ ಸಂಶಯ. ಇಂಡಕ್ಟೆನ್ಸನ್ನೇ ಕೈಬಿಟ್ಟರೆ? ದೀರ್ಘಾವಧಿಯ ಉಷ್ಣತೆಗೆ ಅದು ಎಷ್ಟೋ ಸಲ ಸರಿಯಾದ ಎಂಜಿನಿಯರಿಂಗ್ ನಿರ್ಧಾರವೇ, ಆದರೆ ಆ ನಿರ್ಧಾರ ಟಿಪ್ಪಣಿಯಲ್ಲಿ ಕಾಣಬೇಕು, ಕಾರಣದ ಸಮೇತ. ಟಾಲರೆನ್ಸನ್ನು ಹತ್ತುಪಟ್ಟು ಬಿಗಿಗೊಳಿಸಿ ಮತ್ತೆ ಓಡಿಸುವುದು ಅಗ್ಗದ ಪರೀಕ್ಷೆ. ಉತ್ತರ ಗಮನಾರ್ಹವಾಗಿ ಅಲುಗಿದರೆ ಮೊದಲಿನ ಉತ್ತರ ಇನ್ನೂ ನೆಲೆಗೊಂಡಿರಲಿಲ್ಲ.

ಏಜೆಂಟ್ ನಿಜಕ್ಕೂ ಹಗುರಮಾಡುವ ಕೆಲಸಗಳೂ ಇವೆ: ನೂರಾರು ಪ್ಯಾರಾಮೀಟರ್ ಜೋಡಿಗಳನ್ನು ಓಡಿಸುವುದು, ಗ್ರಾಫ್ ಎಳೆಯುವುದು, ಯಾರೋ ಬರೆದಿಟ್ಟ ಹಳೆಯ ಕೋಡಿಗೆ ವಿವರಣೆ ಬರೆಯುವುದು. ಅಲ್ಲಿ ಧಾರಾಳವಾಗಿ ಬಳಸಿ. ನಿಜವಾದ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರ್‌ನಲ್ಲಿ ಮಾತ್ರ ಬೇಡ. ಗ್ರಾಹಕರ ವಿನ್ಯಾಸದ ದತ್ತಾಂಶವಿದ್ದರೆ ಅದು ಯಾವ ಸರ್ವರ್‌ಗೆ ಹೋಗುತ್ತದೆಂದು ಮೊದಲೇ ವಿಚಾರಿಸಿ.

ಕೊನೆಯ ಹಂತ ಅಳತೆಯೊಂದಿಗೆ ಹೋಲಿಕೆ. ಪ್ರಯೋಗಾಲಯದ ದತ್ತಾಂಶ ಕೊಟ್ಟು ‘ಹೊಂದಿಸು’ ಎಂದರೆ ಏಜೆಂಟ್ ಹೊಂದಿಸಿಯೇ ತೀರುತ್ತದೆ. ಅದಕ್ಕೇ ಒಂದು ಓಟದ ಅಳತೆಗಳನ್ನು ಅದರ ಕಣ್ಣಿಗೆ ಬೀಳದಂತೆ ಬೇರೆ ಕಡೆ ಇಟ್ಟುಕೊಳ್ಳಬೇಕು. ಹೊಂದಿಸಿದ ಮಾದರಿಯನ್ನು ಆ ಓಟದ ಮೇಲೆ ನಾವೇ ಪರೀಕ್ಷಿಸಬೇಕು. ಗ್ರಾಫ್ ನೋಡುವ ಮೊದಲು ಪ್ಯಾರಾಮೀಟರ್‌ಗಳ ಪಟ್ಟಿ ನೋಡಿ. ಗೆರೆಗಳು ಎಷ್ಟೇ ಚೆನ್ನಾಗಿ ಕೂಡಿದ್ದರೂ ಘರ್ಷಣೆಯ ಗುಣಾಂಕದ ಮುಂದೆ ಮೈನಸ್ ಚಿಹ್ನೆ ಇದ್ದರೆ, ಮಾದರಿಯನ್ನು ವಾಪಸು ಕಳಿಸಿ.