ಹೈಡ್ರೋಜನ್ ಸಲ್ಫೈಡ್: ಗಟಾರದ ಗ್ಯಾಸ್ ಅಂದ್ರೆ ಏನು?

ಹುಬ್ಬಳ್ಳಿಯಲ್ಲಿ ಯುಜಿಡಿ (ನೆಲದಡಿಯ ಒಳಚರಂಡಿ) ಚೇಂಬರಿನ ಮುಚ್ಚಳ ತೆಗೆದಾಗ ಕೊಳೆತ ತತ್ತಿಯ ವಾಸನೆ ಗಪ್ಪಂತ ಬರುತ್ತದಲ್ಲ, ಅದೇ ಹೈಡ್ರೋಜನ್ ಸಲ್ಫೈಡ್. ಇಳಿದು ಕೆಲಸ ಮಾಡುವವರ ಬಾಯಲ್ಲಿ ಬರೀ ‘ಗ್ಯಾಸು’. ಹೊಲಸು ನೀರು ಹರಿಯದೆ ನಿಂತರೆ ಅದರೊಳಗಿನ ಆಕ್ಸಿಜನ್ ಮುಗಿಯುತ್ತದೆ. ಆಮೇಲೆ ಆಕ್ಸಿಜನ್ ಬೇಡದ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಸಲ್ಫೇಟ್ ಬಳಸಿಕೊಂಡು ಈ ಗ್ಯಾಸ್ ಬಿಡುತ್ತವೆ. ಗಾಳಿಗಿಂತ ಭಾರ, ಹಾಗಾಗಿ ತಳದಲ್ಲೇ ಕೂತಿರುತ್ತದೆ. ಗದಗ, ಹಾವೇರಿ ಕಡೆಯ ಮನೆಗಳ ಸೆಪ್ಟಿಕ್ ಟ್ಯಾಂಕ್ ಇರಲಿ, ಎಸ್‌ಟಿಪಿಯ (ಹೊಲಸು ನೀರು ಶುದ್ಧ ಮಾಡುವ ಘಟಕದ) ಪಂಪ್ ಬಾವಿ ಇರಲಿ, ಎಲ್ಲ ಕಡೆ ಇದೇ ಕಥೆ.

ವಾಸನೆ ಬಂದರೆ ಎದ್ದು ಬಂದರಾಯ್ತು ಅಂತ ಹಲವರು ಅಂದುಕೊಂಡಿದ್ದಾರೆ. ಮೋಸ ಇರುವುದೇ ಇಲ್ಲಿ. 1 ಪಿಪಿಎಂಗಿಂತ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ, ಆದರೆ 100 ಪಿಪಿಎಂ ಮುಟ್ಟಿದರೆ ಕೆಲವೇ ನಿಮಿಷದಲ್ಲಿ ಮೂಗು ವಾಸನೆ ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ. ಒಳಗಿದ್ದವನಿಗೆ ಗ್ಯಾಸ್ ಹೋಯ್ತು ಅನಿಸುತ್ತದೆ. 700 ದಾಟಿದರೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು, ಯಾಕಂದರೆ ಮೈಯ ಜೀವಕೋಶಗಳು ಆಕ್ಸಿಜನ್ ಬಳಸದಂತೆ ಅದು ತಡೆಯುತ್ತದೆ. ಮೇಲಿಂದ ಮೂಸಿ ನೋಡಿದಾಗ ಏನೂ ಇಲ್ಲದಿದ್ದರೂ ಕೆಸರು ಕದಡಿದ ತಕ್ಷಣ ಅದರೊಳಗೆ ಸಿಕ್ಕಿಕೊಂಡಿದ್ದ ಗ್ಯಾಸ್ ಒಮ್ಮೆಲೇ ಏಳುತ್ತದೆ. ಒಬ್ಬ ಬಿದ್ದ ಅಂತ ಎತ್ತಲು ಇಳಿದ ಇನ್ನೊಬ್ಬನೂ ಅಲ್ಲೇ ಬೀಳುವುದು ಇದಕ್ಕೇ.

ಮುಖಕ್ಕೆ ಕಟ್ಟಿದ ಟವೆಲ್, ಮೆಡಿಕಲ್ ಶಾಪಿನ ಮಾಸ್ಕ್ ಯಾವುದೂ ಈ ಗ್ಯಾಸ್ ತಡೆಯಲ್ಲ. ಕಡ್ಡಿ ಗೀರಿ ಪರೀಕ್ಷೆ ಮಾಡುವವರೂ ಇದ್ದಾರೆ, ಅದಂತೂ ಹುಚ್ಚು ಧೈರ್ಯ. ಮೀಥೇನ್ ಇದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಮೀಟರ್ ಇಲ್ಲದೆ ಒಳಗೆ ಏನಿದೆ ಅಂತ ಹೇಳಲು ಆಗಲ್ಲ.

ಎಸ್‌ಟಿಪಿಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಈ ಗ್ಯಾಸ್ ಉಸಿರಾಡುವವರಿಗೆ ಕಣ್ಣುರಿ, ತಲೆನೋವು, ವಾಕರಿಕೆ. ಅದನ್ನು ಅವರು ‘ರೂಢಿ ಆಗಿದೆ’ ಅಂತ ಬಿಡುತ್ತಾರೆ. ಹೊಲಸು ನೀರಿನಿಂದ ಬರುವ ಇಲಿಜ್ವರ, ಕಾಮಾಲೆ ಬೇರೆ.

ನನ್ನ ಪ್ರಕಾರ ಮೊದಲು ಕೇಳಬೇಕಾದ್ದು, ಜೋರಾಗಿ ನೀರು ಬಿಟ್ಟು ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಗಾಡಿ, ಹೊಲಸು ಹೀರುವ ಸಕ್ಕಿಂಗ್ ಗಾಡಿ ಇರುವಾಗ ಮನುಷ್ಯ ಇಳಿಯುವುದೇ ಯಾಕೆ ಅಂತ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ರಕ್ಷಣಾ ಸಾಧನ ಕೊಡದೆ ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವುದು ಅಪರಾಧ. ಪಾಲಿಕೆ, ಗುತ್ತಿಗೆದಾರರಿಗೆ ಮಾತ್ರ ಅಲ್ಲ, ಮನೆ ಮಾಲೀಕರಿಗೂ ಇದು ಅನ್ವಯಿಸುತ್ತದೆ. ಗಟಾರದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಯಾರಾದರೂ ಒಳಗೆ ಬಿದ್ದರೆ ನೀವು ಇಳಿಯಬೇಡಿ. 112ಕ್ಕೆ ಫೋನ್ ಮಾಡಿ, ಒಳಗೆ ಗ್ಯಾಸ್ ಇರಬಹುದು ಅಂತ ಮೊದಲೇ ಹೇಳಿ.