ಮೈಕ್ ಒಂದು ಅಂಗುಲ ಸರಿದಾಗ: ಮನೆಯಲ್ಲಿ ಗಿಟಾರ್ ಆಂಪ್ ರೆಕಾರ್ಡಿಂಗ್ ಕುರಿತ ಟಿಪ್ಪಣಿ

ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡ್ ಮಾಡಲು ಹೊರಟವರಿಗೆ ಮೊದಲ ದಿನವೇ ಒಂದು ನಿರಾಸೆ ಕಾದಿರುತ್ತದೆ. ಕೋಣೆಯಲ್ಲಿ ನುಡಿಸುವಾಗ ತುಂಬಿಕೊಂಡು ಕೇಳಿಸಿದ ನಾದ, ರೆಕಾರ್ಡಿಂಗ್ ಹಾಕಿ ಕೇಳಿದರೆ ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯಂತೆ ಗುಯ್‌ಗುಡುತ್ತದೆ. ಆಗ ನಾವು ಸಾಮಾನ್ಯವಾಗಿ ಆಂಪ್ (ಗಿಟಾರ್‌ನ ಸದ್ದನ್ನು ಹಿಗ್ಗಿಸಿ ಸ್ಪೀಕರ್‌ನಿಂದ ಹೊರಡಿಸುವ ಪೆಟ್ಟಿಗೆ) ಅಗ್ಗದ್ದೆಂದೋ ಮೈಕ್ ಹಳೆಯದೆಂದೋ ದೂರುತ್ತೇವೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಬಾರಿ ಕಾರಣ ಇಷ್ಟೇ: ನಾವು ಕಿವಿಯನ್ನು ಒಂದು ಕಡೆ ಇಟ್ಟು ಆಂಪ್‌ನ ಗುಂಡಿಗಳನ್ನು ತಿರುಗಿಸಿರುತ್ತೇವೆ, ಮೈಕ್ ಅನ್ನು ಬೇರೆ ಕಡೆ ಇಟ್ಟಿರುತ್ತೇವೆ.

ಕಿವಿ ಕೇಳುವುದು, ಮೈಕ್ ಕೇಳುವುದು

ಗಿಟಾರ್ ಆಂಪ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 12 ಇಂಚಿನ ಸ್ಪೀಕರ್, ಮನೆಯ ಮ್ಯೂಸಿಕ್ ಸಿಸ್ಟಮ್‌ನ ಸ್ಪೀಕರ್‌ನಂತೆ ಎಲ್ಲ ಸ್ವರಗಳನ್ನೂ ಸಮನಾಗಿ ಹೊರಡಿಸುವುದಿಲ್ಲ. ಸುಮಾರು 5 ಸಾವಿರ ಹರ್ಟ್ಸ್ ದಾಟಿದ ಮೇಲೆ ಅದರ ಧ್ವನಿ ಕಡಿದಾಗಿ ಇಳಿಯುತ್ತದೆ. ಡಿಸ್ಟಾರ್ಷನ್ (ಬೇಕೆಂದೇ ಧ್ವನಿ ಒಡೆಯುವಂತೆ ಮಾಡುವುದು) ಹಾಕಿದ ಗಿಟಾರ್ ಕಿವಿಗೆ ಸಹ್ಯವಾಗುವುದು ಈ ಇಳಿತದಿಂದಲೇ. ಇನ್ನೊಂದು ಸಂಗತಿಯೂ ಇದೆ. ಸಾವಿರದ ನೂರು ಹರ್ಟ್ಸ್‌ನ ಆಸುಪಾಸಿನಲ್ಲಿ ಧ್ವನಿಯ ತರಂಗಾಂತರ ಸುಮಾರು 30 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಸ್ಪೀಕರ್‌ನಷ್ಟೇ ಅಗಲ. ಅದಕ್ಕಿಂತ ಮೇಲಿನ ಸ್ವರಗಳು ಎಲ್ಲ ಕಡೆಗೂ ಹರಡದೆ, ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಹೋಗತೊಡಗುತ್ತವೆ. ಆಂಪ್ ನೆಲದ ಮೇಲೆ ಕೂತಿದೆ, ನಾವು ಅದರ ಪಕ್ಕದಲ್ಲಿ ನಿಂತಿದ್ದೇವೆ ಎಂದುಕೊಳ್ಳಿ. ಆ ಬೆಳಕು ಬೀಳುವುದು ನಮ್ಮ ಮೊಣಕಾಲಿನ ಮೇಲೆ. ಕಿವಿಗೆ ಚೂಪು ಸಾಲದೆಂದು ಟ್ರೆಬಲ್ ಏರಿಸುತ್ತೇವೆ, ಆಮೇಲೆ ಮೈಕ್ ಅನ್ನು ಆ ಬೆಳಕಿನ ನಟ್ಟನಡುವೆ ತಂದಿಟ್ಟು, ಧ್ವನಿ ಚುಚ್ಚುತ್ತದೆ ಎಂದು ದೂರುತ್ತೇವೆ.

ಆದ್ದರಿಂದ ಮೊದಲು ಆಂಪ್ ಅನ್ನು ಗಟ್ಟಿಯಾದ ಕುರ್ಚಿಯ ಮೇಲೆ ಇಟ್ಟು, ಅದರ ಎದುರು ಕೂತು, ಕಡಿಮೆ ಸದ್ದಿನಲ್ಲಿ ಗುಂಡಿಗಳನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು. ಸದ್ದು ಜೋರಾಗಿರುವಾಗ ಸ್ಪೀಕರ್‌ಗೆ ಕಿವಿ ಒಡ್ಡಬಾರದು.

ಅಂಗುಲದ ಲೆಕ್ಕ

ಶ್ಯೂರ್ ಎಸ್ಎಂ57 ಎಂಬ ಡೈನಮಿಕ್ ಮೈಕ್ 1965ರಲ್ಲಿ ಬಂದದ್ದು. ಇಂದಿಗೂ ಗಿಟಾರ್ ಆಂಪ್‌ನ ಮುಂದೆ ಹೆಚ್ಚಾಗಿ ಕಾಣುವುದು ಅದೇ. ಸುಮಾರು 6 ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ಅದು ಧ್ವನಿಯನ್ನು ಸ್ವಲ್ಪ ಎತ್ತಿ ಕೊಡುತ್ತದೆ, ಹಾಗೂ ಮೂಲಕ್ಕೆ ಹತ್ತಿರವಾದಷ್ಟೂ ಮಂದ್ರ ಸ್ವರಗಳನ್ನು ದಪ್ಪವಾಗಿಸುತ್ತದೆ. ಈ ಎರಡು ಗುಣಗಳನ್ನು ತಿಳಿದರೆ ಮೈಕ್ ಸರಿಸುವುದೇ ಒಂದು ಈಕ್ವಲೈಜರ್ (ಮಂದ್ರ, ಮೇಲಿನ ಸ್ವರಗಳ ಪ್ರಮಾಣ ಹೊಂದಿಸುವ ಸಾಧನ) ಎಂಬುದು ಅರ್ಥವಾಗುತ್ತದೆ.

ನಾನು ಮಾಡಿದ ಪ್ರಯೋಗವನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಓದಿದ್ದಕ್ಕಿಂತ ಹೆಚ್ಚನ್ನು ಇದರಿಂದ ಕಲಿತೆ. ಆಂಪ್‌ನ ಗ್ರಿಲ್ ಬಟ್ಟೆಗೆ ಟಾರ್ಚ್ ಹಿಡಿದರೆ ಒಳಗಿನ ಕೋನ್ ಮಸುಕಾಗಿ ಕಾಣುತ್ತದೆ. ಅದರ ನಡುವೆ ಪುಟ್ಟ ಗುಮ್ಮಟದಂತೆ ಉಬ್ಬಿರುವುದೇ ಡಸ್ಟ್ ಕ್ಯಾಪ್. ಕ್ಯಾಪ್‌ನ ನಡು, ಕ್ಯಾಪ್ ಮುಗಿದು ಕೋನ್ ಶುರುವಾಗುವ ಅಂಚು, ಕೋನ್‌ನ ಅರ್ಧ ದಾರಿ, ಕೋನ್‌ನ ಹೊರ ಅಂಚು, ಹೀಗೆ ನಾಲ್ಕು ಕಡೆ ಬಟ್ಟೆಯ ಮೇಲೆ ಕಾಗದದ ಟೇಪಿನ ಚೂರುಗಳನ್ನು ಅಂಟಿಸಿದೆ. ಮೈಕ್ ಅನ್ನು ಬಟ್ಟೆಯಿಂದ ಎರಡು ಬೆರಳಗಲ ದೂರದಲ್ಲಿ ಒಂದೊಂದು ಗುರುತಿನ ಎದುರೂ ನಿಲ್ಲಿಸಿ, ಐದನೆಯ ತಂತಿಯ ಮೇಲಿನ ಎ ಪವರ್ ಕಾರ್ಡ್ (ಎರಡು-ಮೂರು ತಂತಿಗಳನ್ನು ಒಟ್ಟಿಗೆ ನುಡಿಸುವ ಸ್ವರಗುಚ್ಛ) ಒಂದನ್ನು ಪೂರ್ತಿ ಮೊಳಗಲು ಬಿಟ್ಟು, ಅದರ ಬೆನ್ನಿಗೆ ಅಂಗೈ ಒತ್ತಿ ನಾಲ್ಕು ಪೆಟ್ಟು ನುಡಿಸಿದೆ. ನಡುವಿನಲ್ಲಿ ಪಿಕ್ ತಂತಿಗೆ ತಾಗುವ ಸದ್ದು ಸ್ಲೇಟಿನ ಮೇಲೆ ಬಳಪ ಗೀಚಿದಂತಿತ್ತು. ಹೊರ ಅಂಚಿನಲ್ಲಿ ಕಂಬಳಿ ಹೊದ್ದು ಮಾತಾಡಿದಂತೆ ಎಲ್ಲವೂ ಮುದುಡಿತ್ತು. ಕ್ಯಾಪ್‌ನ ಅಂಚಿನಲ್ಲಿ ಮಾತ್ರ ಪೆಟ್ಟಿನ ಚೂಪೂ ಕಾರ್ಡ್‌ನ ಮೈಯೂ ಒಟ್ಟಿಗೆ ದಕ್ಕಿದವು. ಆ ಜಾಗಕ್ಕೂ ಬಳಪದ ಜಾಗಕ್ಕೂ ನನ್ನ ಆಂಪ್‌ನಲ್ಲಿ ಇದ್ದ ದೂರ ಒಂದು ಅಂಗುಲಕ್ಕಿಂತ ತುಸು ಹೆಚ್ಚು, ಅಷ್ಟೇ.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಜೋರಾಗಿರುವುದು ಕಿವಿಗೆ ಯಾವಾಗಲೂ ಮೇಲೆನಿಸುವುದರಿಂದ, ಹೋಲಿಸುವ ಮೊದಲು ನಾಲ್ಕೂ ತುಣುಕುಗಳ ಸದ್ದಿನ ಮಟ್ಟವನ್ನು ಸರಿಗಟ್ಟಬೇಕು. ಎರಡನೆಯದು, ನುಡಿಸಿದ ಕೂಡಲೇ ತೀರ್ಮಾನಿಸಬಾರದು. ಮರುದಿನ ಬೆಳಿಗ್ಗೆ, ಯಾವ ತುಣುಕು ಯಾವುದೆಂದು ನೋಡದೆ ಕೇಳಬೇಕು. ತಮ್ಮನನ್ನೋ ತಂಗಿಯನ್ನೋ ಮೈಕ್ ಸರಿಸಲು ಕೂರಿಸಿಕೊಂಡು, ನಾವು ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಆಂಪ್‌ನ ಬರಿಯ ಹಿಸ್ಸೆನ್ನುವ ಸದ್ದನ್ನೇ ಆಲಿಸಿದರೂ ಜಾಗ ಬೇಗ ಸಿಗುತ್ತದೆ, ಏಕೆಂದರೆ ಆ ಹಿಸ್ಸಿನಲ್ಲಿ ಮೇಲಿನ ಸ್ವರಗಳೆಲ್ಲ ಒಟ್ಟಿಗೇ ಇರುತ್ತವೆ.

ಎರಡು ಮೈಕ್ ಇಡುವ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಎರಡು ಮೈಕ್‌ಗಳ ದೂರದಲ್ಲಿ 17 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಸಾವಿರ ಹರ್ಟ್ಸ್‌ನ ಸ್ವರ ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯುತ್ತಿರುತ್ತದೆ, ಎರಡನ್ನೂ ಕೂಡಿಸಿದರೆ ಅದೇ ಸ್ವರ ಸೊರಗುತ್ತದೆ.

ಸದ್ದು, ಕೋಣೆ, ನೆರೆಮನೆ

ವ್ಯಾಟ್ ಕಡಿಮೆಯಾದರೆ ಸದ್ದು ತಾನಾಗಿ ಕಡಿಮೆಯಾದೀತು ಎಂಬ ನಂಬಿಕೆ ಹುಸಿ. ಸಾಮಾನ್ಯವಾದ 12 ಇಂಚಿನ ಗಿಟಾರ್ ಸ್ಪೀಕರ್, ಒಂದೇ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬಲ್ ಸದ್ದು ಮಾಡುತ್ತದೆ. ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸಬೇಕಾದರೆ ಶಕ್ತಿ ಹತ್ತನೆಯ ಒಂದು ಪಾಲಿಗೆ ಇಳಿಯಬೇಕು; ಆದುದರಿಂದ 30 ವ್ಯಾಟ್‌ನ ಆಂಪ್ ಬಿಟ್ಟು 15 ವ್ಯಾಟ್‌ನದನ್ನು ತಂದರೆ ಕೆಳಗಿನ ಮನೆಯ ಮಾಲೀಕರಿಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಮೈಕ್ ಸ್ಪೀಕರ್‌ಗೆ ಅಂಟಿಕೊಂಡೇ ಇರುವುದರಿಂದ, ಇಬ್ಬರು ಮಾತಾಡುವಷ್ಟು ಸದ್ದಿನಲ್ಲೂ ಒಳ್ಳೆಯ ರೆಕಾರ್ಡಿಂಗ್ ಸಾಧ್ಯ. ಆದರೆ ಮೆಲುಸದ್ದಿನಲ್ಲಿ ನಮ್ಮ ಕಿವಿಗೆ ಮಂದ್ರ ಸ್ವರಗಳು ಕಡಿಮೆ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು 1933ರಲ್ಲಿಯೇ ಅಳೆದು ತೋರಿಸಿದ್ದರು. ಹಾಗಾಗಿ ಮೆಲ್ಲಗೆ ನುಡಿಸುತ್ತ ಬೇಸ್ ಗುಂಡಿಯನ್ನು ಮನಸ್ಸು ತುಂಬುವಷ್ಟು ಏರಿಸಿದವರಿಗೆ, ಅದನ್ನೇ ಜೋರಾಗಿ ಕೇಳಿದಾಗ ಕೆಸರಿನಲ್ಲಿ ಕಾಲಿಟ್ಟಂತಾಗುತ್ತದೆ.

ನಮ್ಮ ಬಾಡಿಗೆ ಮನೆಗಳ ಹತ್ತಕ್ಕೆ ಹತ್ತು ಅಡಿಯ ಕೋಣೆ ಇನ್ನೊಂದು ಮೋಸ ಮಾಡುತ್ತದೆ. ಹತ್ತು ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ ಮತ್ತು ಅದರ ಇಮ್ಮಡಿಯಾದ 112 ಹರ್ಟ್ಸ್‌ನ ಸ್ವರಗಳು ನಿಂತು ಮೊಳಗುತ್ತವೆ. ಉದ್ದವೂ ಅಗಲವೂ ಒಂದೇ ಆದುದರಿಂದ ಎರಡು ಜೊತೆ ಗೋಡೆಗಳೂ ಅದೇ ಸ್ವರಗಳಿಗೆ ದನಿಗೂಡಿಸುತ್ತವೆ. ಗಿಟಾರ್‌ನ ಬಿಟ್ಟ ಎ ತಂತಿ 110 ಹರ್ಟ್ಸ್. ಕೋಣೆಯ ಮೂಲೆಯಲ್ಲಿ ಕೂತವರಿಗೆ ಆ ತಂತಿ ಗುಡುಗುತ್ತದೆ, ಎದುರುಬದುರಿನ ಗೋಡೆಯಿಂದ ಎರಡೂವರೆ ಅಡಿ ದೂರದಲ್ಲಿ ಕೂತವರಿಗೆ ಅದು ಬಡಕಲಾಗಿ ಕೇಳಿಸುತ್ತದೆ. ಹೀಗಿರುವಾಗ ಆಂಪ್ ಹಿಂದೆ ಕೌದಿ ತೂಗುಹಾಕಿದರೆ ಗೋಡೆಯಿಂದ ಮರಳುವ ಚೂಪು ಸದ್ದೇನೋ ತಗ್ಗುತ್ತದೆ, 112 ಹರ್ಟ್ಸ್‌ಗೆ ಅದರಿಂದ ಏನೂ ಆಗುವುದಿಲ್ಲ. ಮಂದ್ರದ ತೀರ್ಮಾನಗಳನ್ನು ಹೆಡ್‌ಫೋನ್‌ನಲ್ಲೇ ಮಾಡುವುದು ಲೇಸು.

ಗೇನ್ ಮತ್ತು ಉಳಿದವು

ಗೇನ್ (ಆಂಪ್‌ನಲ್ಲಿ ಧ್ವನಿ ಎಷ್ಟು ಒಡೆಯಬೇಕೆಂದು ಹೊಂದಿಸುವ ಗುಂಡಿ) ಅನ್ನು ನುಡಿಸುವಾಗ ಹಿತವೆನಿಸುವ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ಇಡಬೇಕು. ದಪ್ಪ ಬೇಕೆಂದರೆ ಅದೇ ಭಾಗವನ್ನು ಎರಡನೆಯ ಬಾರಿ ನುಡಿಸಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಬೇಕು. ಮೊದಲನೆಯದನ್ನೇ ನಕಲು ಮಾಡಿ ಅಂಟಿಸಿದರೆ ಅಗಲ ಬರುವುದಿಲ್ಲ, ಸದ್ದಷ್ಟೇ ಏರುತ್ತದೆ. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಅತಿ ಜೋರಾದ ಪೆಟ್ಟೂ ಮೈನಸ್ 10 ಡೆಸಿಬಲ್ (ಸೊನ್ನೆಯೇ ಗರಿಷ್ಠ ಮಿತಿ) ಆಸುಪಾಸಿನಲ್ಲಿ ನಿಂತರೆ ಸಾಕು. ಆಂಪ್ ಬಿಟ್ಟು ಕಂಪ್ಯೂಟರಿನ ಆಂಪ್ ಸಿಮ್ಯುಲೇಟರ್ ಬಳಸುವವರು, ಗಿಟಾರ್ ಕೇಬಲನ್ನು ಆಡಿಯೋ ಇಂಟರ್‌ಫೇಸ್‌ನ (ಗಿಟಾರ್, ಮೈಕ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಇನ್‌ಸ್ಟ್ರುಮೆಂಟ್ ಇನ್‌ಪುಟ್‌ಗೇ ಹಾಕಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ಲೈನ್ ಇನ್‌ಪುಟ್‌ನಲ್ಲಿ ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರ್‌ನ ಭಾಗ) ಹೊಳಪು ಮಾಯವಾಗುತ್ತದೆ. ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಬಳಸುವ ಆಂಪ್‌ನ ಸ್ಪೀಕರ್ ತಂತಿಯನ್ನು ಕಳಚಿಟ್ಟು ನುಡಿಸಿದರೆ ಸದ್ದಿಲ್ಲದ ರೆಕಾರ್ಡಿಂಗ್ ಸಿಗುವುದಿಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಗುಂಯ್‌ಗುಡುವಿಕೆ

ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಆಂಪ್‌ನ ಪವರ್ ಸಪ್ಲೈ ಸರಿಯಿಲ್ಲದಿದ್ದರೆ ಅದರ ಇಮ್ಮಡಿ, 100 ಹರ್ಟ್ಸ್, ಕೇಳಿಸುತ್ತದೆ. ಅದು ಆರನೆಯ ತಂತಿಯ ಮೂರನೆಯ ಫ್ರೆಟ್‌ನ ಜಿ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲೆ, ಆದ್ದರಿಂದ ಜಿ ಕಾರ್ಡ್ ನುಡಿಸಿದಾಗಲೆಲ್ಲ ಅಪಸ್ವರದಂತೆ ಕಾಡುತ್ತದೆ. ಒಂದು ಸಂಜೆ ಕರೆಂಟ್ ಹೋದದ್ದನ್ನು ಲೆಕ್ಕಿಸದೆ ಇನ್ವರ್ಟರ್ ಮೇಲೆಯೇ ಮೂರು ಟೇಕ್ ಮುಗಿಸಿದ್ದೆ. ಆ ಹಳೆಯ ಇನ್ವರ್ಟರ್‌ನ ಚೌಕ ಅಲೆ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ ನುಗ್ಗಿ, ಮೂರರಲ್ಲೂ ಗಿಟಾರ್‌ಗಿಂತ ಅದರ ಗರಗರವೇ ಸ್ಪಷ್ಟವಾಗಿ ದಾಖಲಾಗಿತ್ತು. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಕೂಡ ಇದೇ ಜಾತಿಯದು, ರೆಕಾರ್ಡ್ ಮಾಡುವಾಗ ಫ್ಯಾನ್ ಆರಿಸಿ ಬೆವರಬೇಕು. ಸೇತ್ ಲವರ್ ಗಿಬ್ಸನ್ ಕಂಪನಿಯಲ್ಲಿ 1955ರಲ್ಲಿ ರೂಪಿಸಿದ, ಎರಡು ಸುರುಳಿಗಳಿಂದ ಈ ಗುಂಯ್ ಸದ್ದನ್ನು ರದ್ದುಗೊಳಿಸುವ ಹಂಬಕರ್ ಪಿಕಪ್ ಇರುವವರಿಗೆ ಈ ಕಷ್ಟ ಕಡಿಮೆ. ಸಿಂಗಲ್ ಕಾಯಿಲ್ ಇರುವವರು ತಂತಿಗಳನ್ನು ಅಂಗೈಯಿಂದ ಮುಚ್ಚಿ, ಗೇನ್ ಏರಿಸಿ, ತಿರುಗುವ ಕುರ್ಚಿಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಬೇಕು. ಎಲ್ಲೋ ಒಂದು ಕಡೆ ಗುಂಯ್ ಸದ್ದು ತಟ್ಟನೆ ತಗ್ಗುತ್ತದೆ. ನನ್ನ ಕೋಣೆಯಲ್ಲಿ ಆ ದಿಕ್ಕು ಬಟ್ಟೆಯ ಬೀರುವಿನ ಕಡೆಗಿದೆ. ಅಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಬೀರುವಿಗೆ ಮುಖಮಾಡಿಯೇ ನುಡಿಸುತ್ತೇನೆ.